ಹಿಂದುಳಿದ ವಿದ್ಯಾರ್ಥಿಯೂ ಕಾಲೇಜಿನ ಹೊಣೆಯೂ

ಬಾಗಿಲನ್ನು ತೆರೆದಿಡುವುದು ಒಂದು ಮಾತು. ಒಳಗೆ ಬಂದವನಿಗೆ ಮಣೆ ಹಾಕಿ ಕೂರಿಸುವುದು ಇನ್ನೊಂದು ಮಾತು. ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಕಮ್ಯೂನಿಟಿ ಕಾಲೇಜು ಎಂಬ ಹೆಸರಿನ ಸಾರ್ವಜನಿಕ ವಿದ್ಯಾಸಂಸ್ಥೆಗಳು ಮೊದಲನೆಯ ಕಾರ್ಯವನ್ನು ಬಹು ಉದಾರವಾಗಿ ಮಾಡಿರುತ್ತವೆ. ಎರಡನೆಯದನ್ನು ಹೇಗೆ ಮಾಡಬೇಕೆಂಬ ವಿಷಯದಲ್ಲಿ ಈ ಹದಿನೈದಿಪ್ಪತ್ತು ವರ್ಷಗಳಿಂದ ಅಲ್ಲಿ ದೊಡ್ಡ ವಾದವಿವಾದವು ನಡೆದುಬಂದಿದೆ. ಇದು ಸಮುದ್ರದಾಚೆಯ ಸುದ್ದಿಯೆಂದು ವಾಚಕರು ಪುಟವನ್ನು ತಿರುವಬೇಕಾದುದಿಲ್ಲ. ಪಾಂಡಿಚೇರಿ ವಿಶ್ವವಿದ್ಯಾನಿಲಯವು ೧೯೯೫ರಲ್ಲಿ ಈ ಹೆಸರಿನ ಕಾಲೇಜನ್ನು ನಮ್ಮ ದೇಶಕ್ಕೆ ತಂದಿತು. ಹನ್ನೆರಡನೆಯ ಪಂಚವಾರ್ಷಿಕ ಯೋಜನೆಯ ಕಾಲದಲ್ಲಿ ವಿಶ್ವವಿದ್ಯಾನಿಲಯ ಅನುದಾನ ಆಯೋಗವು ಅದಕ್ಕಾಗಿಯೇ ಒಂದು ಯೋಜನೆಯನ್ನು ಹೂಡಿತು. ಹೆಸರನ್ನು ತಂದವರು ಅದರ ಹಿಂದಿರುವ ಕಷ್ಟವನ್ನೂ ತಿಳಿದಿರುವುದು ಮೇಲು.

ಮೊದಲು ಒಂದು ಶಬ್ದದ ಗೊಂದಲವನ್ನು ತೀರಿಸಿಕೊಳ್ಳೋಣ. ನಮ್ಮ ಊರುಗಳಲ್ಲಿ ‘ಟ್ಯೂಷನ್’ ಎಂದರೆ ಹಣವುಳ್ಳವರು ಸಂಜೆಯ ವೇಳೆ ಕೊಂಡುಕೊಳ್ಳುವ ಸರಕು. ಕಾಲೇಜಿನಲ್ಲಿ ಹೇಳದೆ ಬಿಟ್ಟ ಪಾಠವು ಅಲ್ಲಿ ದುಡ್ಡಿಗೆ ದೊರೆಯುತ್ತದೆ. ಕೆಲವು ವೇಳೆ ಹೇಳುವವರೂ ಅವರೇ ಆಗಿರುತ್ತಾರೆ. ನಾವು ಇಂದು ಬರೆಯುತ್ತಿರುವುದು ಆ ವ್ಯಾಪಾರವನ್ನು ಕುರಿತಲ್ಲ. ಕಾಲೇಜೇ ತನ್ನ ಖರ್ಚಿನಿಂದ, ತನ್ನ ಕಟ್ಟಡದಲ್ಲಿ, ಪಾಠದಲ್ಲಿ ಎಡವಿದ ವಿದ್ಯಾರ್ಥಿಯ ಪಕ್ಕದಲ್ಲಿ ಒಬ್ಬ ತಿಳಿದವನನ್ನು ಕೂರಿಸಿ, ಅವನ ತೊಡಕನ್ನು ಬಿಡಿಸುವ ಏರ್ಪಾಡನ್ನು ಅಮೆರಿಕಾದವರು ಟ್ಯೂಟರಿಂಗ್ ಎನ್ನುತ್ತಾರೆ. ಕಾಲೇಜಿನ ಮಟ್ಟಕ್ಕಿಂತ ಕೆಳಗಿನ ಗಣಿತ, ಓದು, ಬರಹಗಳನ್ನು ಪ್ರತ್ಯೇಕವಾಗಿ ಕಲಿಸುವ ತರಗತಿಗಳಿಗೆ ಡೆವಲಪ್‌ಮೆಂಟಲ್ ಎಜುಕೇಷನ್ ಎಂದು ಹೆಸರು. ಪೂರ್ವಪಾಠಗಳೆಂದು ನಾವು ಕರೆಯಬಹುದು.

ಇಲಿನಾಯ್ ಸಂಸ್ಥಾನದ ಜೋಲಿಯೆಟ್ ಎಂಬ ಊರಿನಲ್ಲಿ ೧೯೦೧ರಲ್ಲಿ ಆರಂಭವಾದ ಜೂನಿಯರ್ ಕಾಲೇಜು ಈ ಪಂಗಡದ ಸಾರ್ವಜನಿಕ ಕಾಲೇಜುಗಳಲ್ಲಿ ಅತ್ಯಂತ ಹಳೆಯದು. ಎರಡನೆಯ ಮಹಾಯುದ್ಧವು ಮುಗಿದ ಮೇಲೆ, ೧೯೪೭ರಲ್ಲಿ, ಅಧ್ಯಕ್ಷ ಟ್ರೂಮನ್ ಅವರು ನೇಮಿಸಿದ್ದ ಉನ್ನತ ಶಿಕ್ಷಣದ ಆಯೋಗವು ಇಂತಹ ಕಾಲೇಜುಗಳು ದೇಶದ ಮೂಲೆಮೂಲೆಯಲ್ಲಿಯೂ ಇರತಕ್ಕದ್ದೆಂದು ಶಿಫಾರಸು ಮಾಡಿತು. ಕಮ್ಯೂನಿಟಿ ಕಾಲೇಜು ಎಂಬ ಹೆಸರು ರೂಢಿಗೆ ಬಂದುದು ಆ ವರದಿಯಿಂದಲೇ ಎನ್ನಬಹುದು. ಇಂದು ಅಂತಹವು ಸುಮಾರು ಒಂದು ಸಾವಿರ ಇವೆ. ಕ್ಯಾಲಿಫೋರ್ನಿಯಾ ಒಂದರಲ್ಲಿಯೇ ೧೧೬. ಅಲ್ಲಿ ಎರಡು ವರ್ಷದ ವ್ಯಾಸಂಗವನ್ನು ಮುಗಿಸಿದವನು ವಿಶ್ವವಿದ್ಯಾನಿಲಯದ ಮೂರನೆಯ ವರ್ಷಕ್ಕೆ ಹೋಗಬಹುದು, ಅಥವಾ ದಾದಿಯ ಕೆಲಸ, ಯಂತ್ರದ ಕೆಲಸ ಮೊದಲಾದ ಕಸುಬಿಗೆ ಇಳಿಯಬಹುದು. ಸೇರುವವರಲ್ಲಿ ಹಗಲೆಲ್ಲ ದುಡಿದು ರಾತ್ರಿ ಓದುವವರು, ಮಕ್ಕಳ ತಾಯಂದಿರು, ಪರದೇಶದಿಂದ ಬಂದು ಇಂಗ್ಲಿಷ್ ಕಲಿಯುತ್ತಿರುವವರು, ಶಾಲೆ ಬಿಟ್ಟು ಹತ್ತು ವರ್ಷ ಕಳೆದವರು ಎಲ್ಲರೂ ಇರುತ್ತಾರೆ. ಬಂದವರನ್ನು ಬೇಡವೆನ್ನುವುದಿಲ್ಲವೆಂಬುದೇ ಆ ಕಾಲೇಜುಗಳ ವ್ರತ.

ಆದರೆ ಬಂದವನಿಗೆ ಬೀಜಗಣಿತ ಮರೆತಿದ್ದರೆ? ಒಂದು ವಾಕ್ಯವನ್ನು ತಪ್ಪಿಲ್ಲದೆ ಬರೆಯಲು ಬಾರದಿದ್ದರೆ? ಇದಕ್ಕೆ ಬಹುಕಾಲ ನಡೆದ ಉಪಾಯವೇನೆಂದರೆ, ಸೇರುವ ದಿನವೇ ಒಂದು ಯಂತ್ರದ ಮುಂದೆ ಕೂರಿಸಿ, ಒಂದೆರಡು ಘಂಟೆಯ ಪರೀಕ್ಷೆಯನ್ನು ಮಾಡಿ, ಅಂಕಗಳಿಗನುಸಾರವಾಗಿ ಒಂದು, ಎರಡು, ಅಥವಾ ಮೂರು ಮೆಟ್ಟಿಲು ಕೆಳಗೆ ಇಳಿಸಿ ಬಿಡುವುದು. ಅಂಕಗಣಿತ ಮುಗಿದರೆ ಆರಂಭದ ಬೀಜಗಣಿತ, ಅದಾದರೆ ಮಧ್ಯಮ ಬೀಜಗಣಿತ, ಆಮೇಲೆ ಕಾಲೇಜಿನ ಗಣಿತ. ಒಂದೊಂದು ಮೆಟ್ಟಿಲಿಗೆ ಒಂದೊಂದು ಅರ್ಧವರ್ಷ. ಶುಲ್ಕವನ್ನು ಕೊಡತಕ್ಕದ್ದು, ಪದವಿಯ ಲೆಕ್ಕಕ್ಕೆ ಮಾತ್ರ ಅದು ಸೇರುವುದಿಲ್ಲ. ಕೇಳಿದರೆ ನ್ಯಾಯವಾಗಿಯೇ ತೋರುತ್ತದೆ. ಅಡಿಪಾಯವಿಲ್ಲದೆ ಗೋಡೆ ಏಳುವುದೆ, ಎಂದು ಯಾರಾದರೂ ಹೇಳಿಯಾರು.

ವಾಚಕರು ಒಂದು ಸಣ್ಣ ಲೆಕ್ಕವನ್ನು ಮಾಡಿ ನೋಡಬೇಕು. ದೃಷ್ಟಾಂತಕ್ಕಾಗಿ, ಒಂದೊಂದು ಮೆಟ್ಟಿಲಿನಲ್ಲಿಯೂ ನೂರರಲ್ಲಿ ೭೦ ಮಂದಿ ತೇರ್ಗಡೆಯಾಗುತ್ತಾರೆಂದಿಟ್ಟುಕೊಳ್ಳೋಣ; ಅದು ಕಡಿಮೆಯೇನಲ್ಲ. ತೇರ್ಗಡೆಯಾದವರಲ್ಲಿ ನೂರಕ್ಕೆ ೮೦ ಮಂದಿ ಮುಂದಿನ ತರಗತಿಗೆ ಹೆಸರು ಕೊಡುತ್ತಾರೆ. ಮಿಕ್ಕವರಿಗೆ ಕೆಲಸದ ವೇಳೆ ಬದಲಾಯಿತು, ಮನೆಯಲ್ಲಿ ಕಾಯಿಲೆಯಾಯಿತು, ಹಣ ಸಾಲದೆ ಹೋಯಿತು. ಹೀಗೆ ಮೂರು ಮೆಟ್ಟಿಲು ಹತ್ತುವಷ್ಟರಲ್ಲಿ ನೂರರಲ್ಲಿ ಉಳಿಯುವವರು ಹದಿನೇಳೋ ಹದಿನೆಂಟೋ ಮಂದಿ. ಕಾಲೇಜಿನ ನಿಜವಾದ ಗಣಿತವನ್ನು ಅವರು ಇನ್ನೂ ಮುಟ್ಟಿಯೇ ಇಲ್ಲ! ಎಲ್ಲಿಯೂ ಯಾವ ಉಪಾಧ್ಯಾಯನೂ ತಪ್ಪು ಮಾಡಲಿಲ್ಲ. ಆದರೂ ಎಂಭತ್ತಕ್ಕಿಂತ ಹೆಚ್ಚು ಜನ ಮಾಯವಾದರು.

ಇದು ಬರಿಯ ಊಹೆಯ ಲೆಕ್ಕವಲ್ಲ. ಕೊಲಂಬಿಯಾ ವಿಶ್ವವಿದ್ಯಾನಿಲಯದ ಕಮ್ಯೂನಿಟಿ ಕಾಲೇಜ್ ಸಂಶೋಧನ ಕೇಂದ್ರದ ಥಾಮಸ್ ಬೇಲಿ ಮುಂತಾದವರು ೨೦೧೦ರಲ್ಲಿ ಪ್ರಕಟಿಸಿದ ಪರಿಶೀಲನೆಯಲ್ಲಿ, ಐವತ್ತೇಳು ಕಾಲೇಜುಗಳ ಎರಡೂವರೆ ಲಕ್ಷಕ್ಕೆ ಮೇಲ್ಪಟ್ಟ ವಿದ್ಯಾರ್ಥಿಗಳನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದರು. ಗಣಿತದ ಪೂರ್ವಪಾಠಗಳಿಗೆ ಕಳುಹಿಸಲ್ಪಟ್ಟವರಲ್ಲಿ ಮೂರು ವರ್ಷಗಳೊಳಗೆ ಅವನ್ನು ಮುಗಿಸಿದವರು ನೂರಕ್ಕೆ ಸುಮಾರು ೩೩, ಓದಿನ ಪೂರ್ವಪಾಠಗಳಲ್ಲಿ ಸುಮಾರು ೪೬. ನಮ್ಮ ಮನಸ್ಸಿಗೆ ಹೆಚ್ಚು ನಾಟಿದ ಸಂಗತಿ ಬೇರೊಂದಿದೆ: ಬಿಟ್ಟುಹೋದವರಲ್ಲಿ ನಪಾಸಾಗಿ ಹೋದವರಿಗಿಂತ, ಆ ತರಗತಿಗೆ ಅಥವಾ ಮುಂದಿನ ತರಗತಿಗೆ ಹೆಸರನ್ನೇ ಕೊಡದೆ ಹೋದವರು ಹೆಚ್ಚು. ಅವರು ಸೋತವರಲ್ಲ, ಬೇಸತ್ತವರು.

ಅದೂ ಇರಲಿ, ಇಳಿಸಿದುದಾದರೂ ಸರಿಯಾಗಿತ್ತೆ? ಆ ಯಂತ್ರದ ಪರೀಕ್ಷೆಯನ್ನು ನಂಬಿ ವಿದ್ಯಾರ್ಥಿಗಳನ್ನು ವಿಂಗಡಿಸಿದಾಗ, ಗಣಿತದಲ್ಲಿ ನಾಲ್ವರಲ್ಲಿ ಒಬ್ಬನೂ ಇಂಗ್ಲಿಷಿನಲ್ಲಿ ಮೂವರಲ್ಲಿ ಒಬ್ಬನೂ ತನಗೆ ಸಲ್ಲದ ಸ್ಥಳದಲ್ಲಿ ಬಂದು ಕುಳಿತಿರುತ್ತಾನೆಂದು ಜೂಡಿತ್ ಸ್ಕಾಟ್-ಕ್ಲೇಟನ್ ಎಂಬ ಪಂಡಿತೆ ೨೦೧೨ರಲ್ಲಿ ತೋರಿಸಿಕೊಟ್ಟರು. ಅಂತಹವರಲ್ಲಿ ಹೆಚ್ಚಿನವರು ನೇರವಾಗಿ ಕಾಲೇಜಿನ ತರಗತಿಯಲ್ಲಿ ಕುಳಿತಿದ್ದರೆ ಚೆನ್ನಾಗಿಯೇ ತೇರ್ಗಡೆಯಾಗಬಲ್ಲವರಾಗಿದ್ದರು. ಪ್ರೌಢಶಾಲೆಯ ನಾಲ್ಕು ವರ್ಷಗಳ ಅಂಕಪಟ್ಟಿಯೇ ಈ ಒಂದು ಮಧ್ಯಾಹ್ನದ ಪರೀಕ್ಷೆಗಿಂತ ಎಷ್ಟೋ ನಂಬಲರ್ಹವೆಂದು ತಿಳಿದುಬಂದಿತು. ಬಹು ಕಾಲೇಜುಗಳಲ್ಲಿ ನಡೆಯುತ್ತಿದ್ದ ‘ಕಂಪಾಸ್’ ಎಂಬ ಅಂತಹ ಪರೀಕ್ಷೆಯೊಂದನ್ನು ಅದನ್ನು ನಡೆಸುತ್ತಿದ್ದ ಸಂಸ್ಥೆಯೇ ೨೦೧೬ರಲ್ಲಿ ನಿಲ್ಲಿಸಿಬಿಟ್ಟಿತು. ಅಷ್ಟರಲ್ಲಿ ಎಷ್ಟು ಮಂದಿ ತಮ್ಮನ್ನು ದಡ್ಡರೆಂದು ತಾವೇ ನಂಬಿ ಮನೆಗೆ ಹೋದರೋ ಬಲ್ಲವರಾರು! ಬರ್ಟನ್ ಕ್ಲಾರ್ಕ್ ಎಂಬ ಸಮಾಜಶಾಸ್ತ್ರಜ್ಞರು ೧೯೬೦ರಷ್ಟು ಹಿಂದೆಯೇ ಇಂತಹ ಕಾಲೇಜುಗಳ ಗುಟ್ಟಾದ ಕೆಲಸವೊಂದನ್ನು ಗುರುತಿಸಿದ್ದರು: ಆಸೆಯಿಂದ ಬಂದವನನ್ನು ನೇರವಾಗಿ ಹೊರದೂಡದೆ, ಅವನ ಆಸೆಯನ್ನು ಮೆಲ್ಲಮೆಲ್ಲನೆ ತಣ್ಣಗೆ ಮಾಡಿ ಕಳುಹಿಸುವುದು. ಕಠೋರವಾದ ಮಾತು; ಸುಳ್ಳೆನ್ನಲು ಮಾತ್ರ ನಮಗೆ ಧೈರ್ಯವಿಲ್ಲ.

ಇಷ್ಟಾದ ಮೇಲೆ ಸುಧಾರಕರು ಸುಮ್ಮನಿರಲಿಲ್ಲ. ಫ್ಲಾರಿಡಾ ೨೦೧೩ರಲ್ಲಿ ಕಾನೂನು ಮಾಡಿ ಬಹುಮಂದಿಗೆ ಪೂರ್ವಪಾಠಗಳನ್ನು ಐಚ್ಛಿಕ ಮಾಡಿತು. ಟೆನೆಸಿ ೨೦೧೫ರಲ್ಲಿ ಅವನ್ನು ಕಾಲೇಜಿನ ಪಾಠದ ಜೊತೆಗೇ ನಡೆಸುವ ಕ್ರಮವನ್ನು ತನ್ನ ಕಾಲೇಜುಗಳಲ್ಲೆಲ್ಲ ತಂದಿತು. ಕ್ಯಾಲಿಫೋರ್ನಿಯಾ ೨೦೧೭ರಲ್ಲಿ ಏ.ಬಿ. ೭೦೫ ಎಂಬ ಕಾನೂನನ್ನು ಮಾಡಿತು. ಅದರ ತಾತ್ಪರ್ಯವಿಷ್ಟು: ಕಾಲೇಜಿನ ಪಾಠದಲ್ಲಿ ವಿದ್ಯಾರ್ಥಿಯು ತೀರ ಗೆಲ್ಲಲಾರನೆಂದೂ, ಪೂರ್ವಪಾಠದಿಂದ ಅವನಿಗೆ ಲಾಭವೇ ಆಗುವುದೆಂದೂ ಕಾಲೇಜು ತೋರಿಸಿಕೊಡದ ಹೊರತು ಅವನನ್ನು ಕೆಳಗಿನ ಮೆಟ್ಟಿಲಿಗೆ ಇಳಿಸಕೂಡದು. ರುಜುವಾತಿನ ಭಾರವು ಹುಡುಗನ ತಲೆಯಿಂದ ಕಾಲೇಜಿನ ತಲೆಗೆ ಬಂದಿತು. ನ್ಯಾಯದ ದೃಷ್ಟಿಯಿಂದ ಇದನ್ನು ನಾವು ಹೃತ್ಪೂರ್ವಕವಾಗಿ ಮೆಚ್ಚುತ್ತೇವೆ.

ಫಲವೂ ಕಾಣಬಂದಿತು. ಆ ಸಂಸ್ಥಾನದಲ್ಲಿ ಮೊದಲ ಸಲ ಗಣಿತಕ್ಕೆ ಕುಳಿತವರಲ್ಲಿ ನೇರವಾಗಿ ವಿಶ್ವವಿದ್ಯಾನಿಲಯದ ಮಟ್ಟದ ಪಾಠಕ್ಕೆ ಸೇರಿದವರು ೨೦೧೫ರಲ್ಲಿ ಐದರಲ್ಲಿ ಒಂದು ಪಾಲಿನಷ್ಟು. ೨೦೧೯ರಲ್ಲಿ ನಾಲ್ಕರಲ್ಲಿ ಮೂರು ಪಾಲಿಗೂ ಮಿಕ್ಕಿತು. ಮೊದಲ ಅರ್ಧವರ್ಷದಲ್ಲಿಯೇ ಆ ಪಾಠವನ್ನು ದಾಟಿದವರ ಸಂಖ್ಯೆಯು ನೂರಕ್ಕೆ ಹದಿನೈದರ ಹತ್ತಿರದಿಂದ ನಾಲ್ವತ್ತರ ಹತ್ತಿರಕ್ಕೆ ಏರಿತು. ಹಿಂದೆ ಮೂರು ಮೆಟ್ಟಿಲಿನ ಕೆಳಗೆ ಕೊಳೆಯುತ್ತಿದ್ದ ಸಾವಿರಾರು ಮಂದಿ ಪಾರಾದರು.

ಆದರೆ ಅದೇ ಲೆಕ್ಕವನ್ನು ಇನ್ನೊಂದು ಕಡೆಯಿಂದ ಓದಿರಿ. ನೂರಕ್ಕೆ ಎಪ್ಪತ್ತೈದಕ್ಕೂ ಮೇಲ್ಪಟ್ಟವರು ಕುಳಿತರು, ನಾಲ್ವತ್ತರಷ್ಟು ಮಂದಿ ದಾಟಿದರು. ಎಂದರೆ ಕುಳಿತವರಲ್ಲಿ ಸುಮಾರು ಅರ್ಧ ಜನ ದಾಟಲಿಲ್ಲ. ಹಿಂದೆ ಅವರು ಬೀಳುತ್ತಿದ್ದುದು ಮೆಟ್ಟಿಲಿನ ಮೇಲೆ. ಈಗ ಬೀಳುತ್ತಿರುವುದು ನಡುಮನೆಯಲ್ಲಿ. ಈ ಅರ್ಧ ಜನರ ಗತಿಯೇನೆಂಬುದೇ ನಮ್ಮ ಲೇಖನದ ವಿಷಯ. ಪೂರ್ವಪಾಠಗಳನ್ನು ತೆಗೆದುಹಾಕುವುದು ಸುಲಭ. ಒಂದು ಕಾನೂನು ಸಾಕು, ಅದರಿಂದ ಖರ್ಚೂ ಉಳಿಯುತ್ತದೆ. ಹಾಗೆ ಉಳಿದ ಹಣವು ಆ ಹುಡುಗನ ಪಕ್ಕದಲ್ಲಿ ಒಬ್ಬ ಟ್ಯೂಟರನ್ನು ಕೂರಿಸಲು ಹೋಯಿತೋ, ಬೊಕ್ಕಸಕ್ಕೆ ಹೋಯಿತೋ? ಸುಧಾರಣೆಯೂ ಮಿತವ್ಯಯವೂ ಒಂದೇ ವೇಷವನ್ನು ಧರಿಸಿ ಬಂದಾಗ ಯಾವುದು ಯಾವುದೆಂದು ಗುರುತಿಸುವುದು ಪ್ರಜೆಗಳ ಕರ್ತವ್ಯವಾಗುತ್ತದೆ.

ಜೊತೆಯ ನೆರವು ನಿಜವಾಗಿಯೂ ಫಲ ಕೊಡುತ್ತದೆಯೆ? ನ್ಯೂಯಾರ್ಕ್ ನಗರದ ವಿಶ್ವವಿದ್ಯಾನಿಲಯಕ್ಕೆ ಸೇರಿದ ಮೂರು ಕಮ್ಯೂನಿಟಿ ಕಾಲೇಜುಗಳಲ್ಲಿ ೨೦೧೩ರಲ್ಲಿ ಒಂದು ಪ್ರಯೋಗ ನಡೆಯಿತು. ಬೀಜಗಣಿತದ ಪೂರ್ವಪಾಠಕ್ಕೆ ಅರ್ಹರೆಂದು ಎಣಿಸಲ್ಪಟ್ಟ ಒಂಭೈನೂರಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ಚೀಟಿ ಎತ್ತಿದಂತೆ ಮೂರು ಗುಂಪುಗಳಾಗಿ ವಿಂಗಡಿಸಿದರು. ಒಂದು ಗುಂಪಿಗೆ ಬರಿಯ ಬೀಜಗಣಿತ. ಇನ್ನೊಂದಕ್ಕೆ ಬೀಜಗಣಿತದೊಡನೆ ವಾರಕ್ಕೊಂದು ಸಲ ಎರಡು ಘಂಟೆಯ ಸಹಾಯಗೋಷ್ಠಿ. ಮೂರನೆಯದಕ್ಕೆ ನೇರವಾಗಿ ಕಾಲೇಜಿನ ಸಂಖ್ಯಾಶಾಸ್ತ್ರ, ಅದರೊಡನೆ ಅಂತಹುದೇ ಗೋಷ್ಠಿ. ತೇರ್ಗಡೆಯಾದವರು ಮೊದಲನೆಯದರಲ್ಲಿ ನೂರಕ್ಕೆ ೩೯, ಎರಡನೆಯದರಲ್ಲಿ ೪೫, ಮೂರನೆಯದರಲ್ಲಿ ೫೬! ಹೆಚ್ಚು ಕಠಿನವೆಂದು ಹೆದರಿಸುತ್ತಿದ್ದ ಪಾಠದಲ್ಲಿಯೇ ಹೆಚ್ಚು ಜನ ಗೆದ್ದರು. ಮೂರನೆಯ ಗುಂಪಿಗೆ ಎರಡು ಅನುಕೂಲಗಳಿದ್ದುವೆಂಬುದನ್ನು ಮರೆಯಬಾರದು. ಅವರ ಮುಂದೆ ಇಟ್ಟ ಪಾಠವು ಅವರ ವ್ಯಾಸಂಗಕ್ಕೆ ಬೇಕಾದುದಾಗಿತ್ತು, ಪಕ್ಕದಲ್ಲಿ ಒಬ್ಬ ಸಹಾಯಕನೂ ಇದ್ದನು. ಎರಡನ್ನೂ ಕೂಡಿಸಿಯೇ ಎಣಿಸಬೇಕು. ಮೊದಲನೆಯದನ್ನು ಇಟ್ಟುಕೊಂಡು ಎರಡನೆಯದನ್ನು ಬಿಡುವವರು ಈ ಅಂಕೆಗಳನ್ನು ತಮ್ಮ ಸಾಕ್ಷ್ಯವಾಗಿ ಕರೆಯತಕ್ಕದ್ದಲ್ಲ.

ಮೇರಿಲೆಂಡಿನ ಬಾಲ್ಟಿಮೋರ್ ಕೌಂಟಿಯ ಕಮ್ಯೂನಿಟಿ ಕಾಲೇಜಿನಲ್ಲಿ ಪೀಟರ್ ಆಡಮ್ಸ್ ಎಂಬ ಇಂಗ್ಲಿಷ್ ಅಧ್ಯಾಪಕರು ೨೦೦೭ರಲ್ಲಿ ಆರಂಭಿಸಿದ ಕ್ರಮವೂ ಗಮನಾರ್ಹವಾಗಿದೆ. ಬರಹದಲ್ಲಿ ಹಿಂದುಳಿದ ಎಂಟು ಮಂದಿಯನ್ನು ಹನ್ನೆರಡು ಮಂದಿ ಸಾಮಾನ್ಯ ವಿದ್ಯಾರ್ಥಿಗಳ ಜೊತೆಗೆ ಕಾಲೇಜಿನ ಇಂಗ್ಲಿಷ್ ತರಗತಿಯಲ್ಲಿಯೇ ಕೂರಿಸಿದರು. ಪಾಠ ಮುಗಿದೊಡನೆ ಆ ಎಂಟು ಮಂದಿ ಅದೇ ಅಧ್ಯಾಪಕರ ಬಳಿ ಇನ್ನೊಂದು ತರಗತಿ ಕೂರುತ್ತಿದ್ದರು. ಅಲ್ಲಿ ವ್ಯಾಕರಣದ ಅಭ್ಯಾಸಪುಸ್ತಕವಿಲ್ಲ. ಈಗ ತಾನೇ ಕೇಳಿದ ಪಾಠದಲ್ಲಿ ಎಲ್ಲಿ ಸಿಕ್ಕಿಕೊಂಡಿರಿ, ನಾಳೆಯ ಪ್ರಬಂಧವನ್ನು ಎಲ್ಲಿಂದ ತೊಡಗುತ್ತೀರಿ, ಎಂಬುದೇ ಮಾತು. ಎಂಟು ಮಂದಿಯಲ್ಲಿ ಒಬ್ಬನು ಎರಡು ದಿನ ಬಾರದಿದ್ದರೆ ಅಧ್ಯಾಪಕರಿಗೆ ಗೊತ್ತಾಗುತ್ತದೆ. ನಲವತ್ತು ಮಂದಿಯ ತರಗತಿಯಲ್ಲಿ ಆ ಕಾಣುವಿಕೆ ಎಲ್ಲಿಂದ ಬರಬೇಕು?

ಮಿಸೂರಿ ವಿಶ್ವವಿದ್ಯಾನಿಲಯದ ಕಾನ್ಸಾಸ್ ನಗರದ ಶಾಖೆಯಲ್ಲಿ ೧೯೭೩ರಲ್ಲಿ ಡಿಯಾನಾ ಮಾರ್ಟಿನ್ ಅವರು ತೋರಿಸಿಕೊಟ್ಟ ಉಪಾಯವು ಇದಕ್ಕಿಂತ ಹಳೆಯದು, ನಮಗೆ ಬಹಳ ಹಿಡಿಸಿದುದು. ಅವರು ದಡ್ಡ ವಿದ್ಯಾರ್ಥಿ ಯಾರೆಂದು ಹುಡುಕಲಿಲ್ಲ. ಕಷ್ಟವಾದ ಪಾಠ ಯಾವುದೆಂದು ಹುಡುಕಿದರು. ಯಾವ ಪಾಠದಲ್ಲಿ ಪ್ರತಿವರ್ಷವೂ ನೂರಕ್ಕೆ ಮೂವತ್ತು ಮಂದಿ ಸೋಲುತ್ತಾರೋ ಬಿಟ್ಟುಹೋಗುತ್ತಾರೋ, ಆ ಪಾಠಕ್ಕೆ ಒಬ್ಬ ಹಿರಿಯ ವಿದ್ಯಾರ್ಥಿಯನ್ನು ನೇಮಿಸಿ, ಅವನೂ ಎಲ್ಲರೊಡನೆ ಉಪನ್ಯಾಸಕ್ಕೆ ಕುಳಿತು ಟಿಪ್ಪಣಿ ಬರೆದು, ವಾರದಲ್ಲಿ ಕೆಲವು ಘಂಟೆ ಎಲ್ಲರಿಗೂ ತೆರೆದ ಗೋಷ್ಠಿಯನ್ನು ನಡೆಸುವಂತೆ ಮಾಡಿದರು. ನೂರಕ್ಕೆ ತೊಂಬತ್ತು ಅಂಕದವನೂ ಬರಬಹುದು, ಒಂಭತ್ತು ಅಂಕದವನೂ ಬರಬಹುದು. ಅಲ್ಲಿಗೆ ಹೋಗುವುದರಲ್ಲಿ ನಾಚಿಕೆಯಿಲ್ಲ. ಸಹಾಯಕೇಂದ್ರವೆಂಬ ಹಲಗೆಯ ಕೆಳಗೆ ನುಸುಳಲು ಹಿಂಜರಿಯುವ ಮಾನವಂತ ಬಡವನ ಮನಸ್ಸನ್ನು ಬಲ್ಲವರು ಮಾತ್ರ ಇಂತಹ ಏರ್ಪಾಡನ್ನು ಯೋಚಿಸಬಲ್ಲರು.

ಹಿರಿಯ ವಿದ್ಯಾರ್ಥಿ ಕಿರಿಯನಿಗೆ ಹೇಳಿಕೊಡುವ ಈ ವಿಚಾರವನ್ನು ಪಾಶ್ಚಾತ್ಯರು ಹೊಸದಾಗಿ ಕಂಡುಹಿಡಿದರೆಂದು ಯಾರೂ ತಿಳಿಯಬೇಕಾಗಿಲ್ಲ. ನಾವು ಪಾಠಶಾಲೆಯಲ್ಲಿ ಶಬ್ದರೂಪಗಳನ್ನು ಕಲಿಯುತ್ತಿದ್ದಾಗ, ಗುರುಗಳು ಮುಂದಿನ ಸಾಲಿನವರಿಗೆ ಪಾಠ ಹೇಳುತ್ತಿದ್ದರೆ, ತೃತೀಯಾ ವಿಭಕ್ತಿಯಲ್ಲಿ ಎಡವಿದ ನಮ್ಮನ್ನು ಎತ್ತಿ ನಿಲ್ಲಿಸುತ್ತಿದ್ದವನು ನಮಗಿಂತ ಮೂರು ವರ್ಷ ದೊಡ್ಡವನಾದ ಒಬ್ಬ ವಿದ್ಯಾರ್ಥಿ. ಅವನಿಗೆ ಅದು ನಿನ್ನೆ ಮೊನ್ನೆಯ ತೊಡಕಾದುದರಿಂದ ನಮ್ಮ ತೊಡಕು ಎಲ್ಲಿದೆಯೆಂಬುದು ಗುರುಗಳಿಗಿಂತ ಬೇಗನೆ ಕಾಣುತ್ತಿದ್ದಿತು. ದಕ್ಷಿಣದೇಶದ ಜಗಲಿಶಾಲೆಗಳ ಈ ಪದ್ಧತಿಯನ್ನೂ, ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುವುದನ್ನೂ ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಮದರಾಸಿನ ಎಗ್ಮೋರಿನಲ್ಲಿ ಅನಾಥಾಲಯವೊಂದರ ಮೇಲ್ವಿಚಾರಕರಾಗಿದ್ದ ಆಂಡ್ರೂ ಬೆಲ್ ಎಂಬ ಪಾದ್ರಿಗಳು ಕಂಡು, ತಮ್ಮ ಶಾಲೆಯಲ್ಲಿ ಪ್ರಯೋಗಿಸಿ, ೧೭೯೭ರಲ್ಲಿ ಆ ವಿಷಯವಾಗಿ ಒಂದು ವರದಿಯನ್ನು ಲಂಡನ್ನಿನಲ್ಲಿ ಅಚ್ಚುಹಾಕಿಸಿದರು. ಇಂಗ್ಲೆಂಡಿನಲ್ಲಿ ಅದಕ್ಕೆ ‘ಮದರಾಸು ಪದ್ಧತಿ’ ಎಂದೇ ಹೆಸರಾಯಿತು.

ಅಲ್ಲಿ ಅದಕ್ಕೆ ಒದಗಿದ ಗತಿಯನ್ನು ಇಂದಿನ ಕಾಲೇಜುಗಳು ಓದಿಕೊಳ್ಳಬೇಕು. ಬೆಲ್ಲರೂ, ಅದೇ ಬಗೆಯ ಶಾಲೆಯನ್ನು ಲಂಡನ್ನಿನಲ್ಲಿ ನಡೆಸಿದ ಜೋಸೆಫ್ ಲಂಕಾಸ್ಟರರೂ ಒಬ್ಬನೇ ಉಪಾಧ್ಯಾಯನಿಂದ ನೂರಾರು ಮಕ್ಕಳಿಗೆ ಪಾಠ ಹೇಳಿಸಬಹುದೆಂದು ಸಾರಿದರು. ದಾನಿಗಳಿಗೆ ಹಿಗ್ಗೋ ಹಿಗ್ಗು. ಇಷ್ಟು ಅಗ್ಗದ ವಿದ್ಯೆ ಎಲ್ಲಿ ಸಿಕ್ಕೀತು! ಗುರುವಿನ ಜೊತೆಗೆ ಇದ್ದ ಹಿರಿಯ ಹುಡುಗನು ಗುರುವಿನ ಬದಲಿಗೆ ಬಂದು ನಿಂತನು. ವಿದ್ಯೆಯು ಗಿಳಿಪಾಠವಾಯಿತು. ಕಡೆಗೆ ೧೮೪೬ರಲ್ಲಿ ಇಂಗ್ಲೆಂಡಿನ ಸರ್ಕಾರವೇ ಹಿರಿಯ ವಿದ್ಯಾರ್ಥಿಗಳನ್ನು ಆರಿಸಿ, ಅವರಿಗೆ ವೇತನವನ್ನು ಕೊಟ್ಟು, ಐದು ವರ್ಷ ತರಬೇತಿ ಮಾಡುವ ಬೇರೆ ಪದ್ಧತಿಯನ್ನು ಹಿಡಿಯಬೇಕಾಯಿತು. ಹುಡುಗನೊಬ್ಬನು ಇನ್ನೊಬ್ಬನಿಗೆ ಕಲಿಸಬಲ್ಲನು, ನಿಜ; ಉಪಾಧ್ಯಾಯನ ಸಂಬಳವನ್ನು ಉಳಿಸುವುದಕ್ಕಾಗಿ ಅವನನ್ನು ಬಳಸಿಕೊಂಡಾಗ ಇಬ್ಬರೂ ಕೆಡುತ್ತಾರೆ.

ಇಂದಿನ ಕಮ್ಯೂನಿಟಿ ಕಾಲೇಜಿನ ಟ್ಯೂಟರನ ಸ್ಥಿತಿಯನ್ನು ನೋಡಿದರೆ ಈ ಎಚ್ಚರಿಕೆ ಹಳೆಯದಾಗಿಲ್ಲ. ಸಾಮಾನ್ಯವಾಗಿ ಅವನು ಘಂಟೆಗಿಷ್ಟೆಂದು ಕೂಲಿ ಪಡೆಯುವ ವಿದ್ಯಾರ್ಥಿ. ೧೯೬೪ರಲ್ಲಿ ಆರಂಭವಾದ, ವಿದ್ಯಾರ್ಥಿಗಳಿಗೆ ಕೆಲಸ ಕೊಟ್ಟು ಸಹಾಯ ಮಾಡುವ ಕೇಂದ್ರಸರ್ಕಾರದ ನಿಧಿಯಿಂದ ಎಷ್ಟೋ ಕಡೆ ಅವನ ಕೂಲಿ ಬರುತ್ತದೆ. ನಿಧಿ ತೀರಿದರೆ ಅವನೂ ತೀರಿದನು. ಕಾಲೇಜ್ ರೀಡಿಂಗ್ ಅಂಡ್ ಲರ್ನಿಂಗ್ ಅಸೋಸಿಯೇಷನ್ ಎಂಬ ಸಂಘವು ಟ್ಯೂಟರುಗಳ ತರಬೇತಿಗೆ ಗೊತ್ತುಮಾಡಿರುವ ಮೊದಲನೆಯ ದರ್ಜೆಗೆ ಹತ್ತು ಘಂಟೆಯ ಶಿಕ್ಷಣ, ಇಪ್ಪತ್ತೈದು ಘಂಟೆಯ ಅನುಭವ ಬೇಕು. ಹೆಚ್ಚೇನಲ್ಲ. ಅಷ್ಟನ್ನಾದರೂ, ತರಬೇತಿಯ ಆ ಹತ್ತು ಘಂಟೆಗೂ ಕೂಲಿ ಕೊಟ್ಟು, ಪ್ರತಿಯೊಬ್ಬ ಟ್ಯೂಟರನಿಗೂ ಕೊಡಿಸುವುದು ಕಾಲೇಜಿನ ಕರ್ತವ್ಯ. ಯಾಕೆಂದರೆ ಇದು ತಾನಾಗಿ ಬರುವ ವಿದ್ಯೆಯಲ್ಲ. ತಿಳಿದವನ ಕೈ ಯಾವಾಗಲೂ ಪೆನ್ಸಿಲಿನ ಕಡೆಗೆ ಹೋಗುತ್ತದೆ. ಲೆಕ್ಕವನ್ನು ತಾನೇ ಬಿಡಿಸಿ ತೋರಿಸಿದರೆ ಎದುರಿನವನು ತಲೆದೂಗುತ್ತಾನೆ, ವಂದಿಸಿ ಹೋಗುತ್ತಾನೆ. ಪರೀಕ್ಷೆಯಲ್ಲಿ ಒಬ್ಬನೇ ಕುಳಿತಾಗ ಅವನಿಗೆ ಏನೂ ತೋಚದು. ಪೆನ್ಸಿಲನ್ನು ಕಲಿಯುವವನ ಕೈಯಲ್ಲಿಯೇ ಬಿಟ್ಟು, ‘ಇಲ್ಲಿ ಏನು ಮಾಡಿದಿರಿ, ಏಕೆ ಮಾಡಿದಿರಿ?’ ಎಂದು ಕೇಳುತ್ತ ತಾಳ್ಮೆಯಿಂದ ಕಾಯುವುದನ್ನು ಕಲಿಸಿಯೇ ಕಲಿಸಬೇಕು.

ತಪ್ಪನ್ನು ಓದುವುದೂ ಒಂದು ವಿದ್ಯೆಯೇ. ನ್ಯೂಯಾರ್ಕ್ ನಗರದ ವಿಶ್ವವಿದ್ಯಾನಿಲಯವು ೧೯೭೦ರಲ್ಲಿ ಪ್ರೌಢಶಾಲೆ ಮುಗಿಸಿದ ಎಲ್ಲರಿಗೂ ಬಾಗಿಲನ್ನು ತೆರೆದಾಗ, ಅದರ ಸಿಟಿ ಕಾಲೇಜಿನಲ್ಲಿ ಬರಹ ಕಲಿಸುತ್ತಿದ್ದ ಮೀನಾ ಷಾನೆಸಿ ಅವರ ಮುಂದೆ ತಪ್ಪುಗಳಿಂದ ತುಂಬಿದ ಉತ್ತರಪತ್ರಿಕೆಗಳು ರಾಶಿಬಿದ್ದುವು. ಸಹೋದ್ಯೋಗಿಗಳಲ್ಲಿ ಕೆಲವರು ಕೈಚೆಲ್ಲಿದರು. ಆಕೆ ಸುಮಾರು ನಾಲ್ಕು ಸಾವಿರ ಪತ್ರಿಕೆಗಳನ್ನು ಓದಿ, ಆ ತಪ್ಪುಗಳು ಕುರುಡುಕುರುಡಾದುವಲ್ಲವೆಂದೂ, ಒಂದೊಂದರ ಹಿಂದೆಯೂ ಬರೆದವನು ತನ್ನಷ್ಟಕ್ಕೆ ಕಟ್ಟಿಕೊಂಡ ನಿಯಮವೊಂದಿರುತ್ತದೆಂದೂ ೧೯೭೭ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ತೋರಿಸಿದರು. ಹಿಂದುಳಿದವನೆಂದರೆ ಬುದ್ಧಿಯಿಲ್ಲದವನಲ್ಲ, ಅಭ್ಯಾಸಕ್ಕೆ ಅವಕಾಶವಿಲ್ಲದವನು ಎಂಬ ಮಾತನ್ನು ಆಕೆ ದಯೆಯಿಂದಲ್ಲ, ಸಾಕ್ಷ್ಯದಿಂದ ಹೇಳಿದರು.

ಇನ್ನು ಹಣದ ಮಾತು. ಅದೇ ವಿಶ್ವವಿದ್ಯಾನಿಲಯವು ೨೦೦೭ರಲ್ಲಿ ತನ್ನ ಕಮ್ಯೂನಿಟಿ ಕಾಲೇಜುಗಳಲ್ಲಿ ಏ.ಎಸ್.ಏ.ಪಿ. ಎಂಬ ಯೋಜನೆಯನ್ನು ಹೂಡಿತು. ಪೂರ್ಣಕಾಲ ಓದುವುದಾಗಿ ಒಪ್ಪಿಕೊಂಡವನಿಗೆ ಶುಲ್ಕದ ಕೊರತೆಯನ್ನು ತುಂಬಿದರು. ಪುಸ್ತಕಕ್ಕೆ ನೆರವು ಕೊಟ್ಟರು. ನಗರದ ಬಸ್ಸು ರೈಲುಗಳಿಗೆ ತಿಂಗಳ ಚೀಟಿ ಕೊಟ್ಟರು. ಪೂರ್ವಪಾಠದಲ್ಲಿರುವವನು ಟ್ಯೂಟರನ ಬಳಿಗೆ ಹೋಗಲೇಬೇಕೆಂದು ಕಟ್ಟಳೆ ಮಾಡಿದರು. ಸಾಮಾನ್ಯವಾಗಿ ಆರುನೂರರಿಂದ ಸಾವಿರದೈನೂರು ವಿದ್ಯಾರ್ಥಿಗಳಿಗೆ ಒಬ್ಬ ಸಲಹೆಗಾರನಿದ್ದಲ್ಲಿ ಇಲ್ಲಿ ಅರುವತ್ತರಿಂದ ಎಂಭತ್ತು ಮಂದಿಗೊಬ್ಬನನ್ನು ನೇಮಿಸಿದರು. ಎಂ.ಡಿ.ಆರ್.ಸಿ. ಎಂಬ ಸಂಶೋಧನ ಸಂಸ್ಥೆಯು ಇದನ್ನೂ ಚೀಟಿ ಎತ್ತುವ ಕ್ರಮದಿಂದಲೇ ಪರೀಕ್ಷಿಸಿತು. ಪೂರ್ವಪಾಠದ ಅಗತ್ಯವಿದ್ದ ವಿದ್ಯಾರ್ಥಿಗಳಲ್ಲಿ ಮೂರು ವರ್ಷಗಳೊಳಗೆ ಪದವಿ ಪಡೆದವರು ಯೋಜನೆಯ ಹೊರಗೆ ನೂರಕ್ಕೆ ೨೨, ಒಳಗೆ ೪೦. ಒಹಾಯೋ ಸಂಸ್ಥಾನದ ಮೂರು ಕಾಲೇಜುಗಳಲ್ಲಿ ಅನುಸರಿಸಿ ನೋಡಿದಾಗಲೂ ಅದೇ ಬಗೆಯ ಫಲ ಬಂದಿತು. ಒಬ್ಬೊಬ್ಬ ವಿದ್ಯಾರ್ಥಿಗೆ ಮೂರು ವರ್ಷಗಳಲ್ಲಿ ಸುಮಾರು ೧೬,೩೦೦ ಡಾಲರು ಹೆಚ್ಚಿಗೆ ಖರ್ಚಾಯಿತು. ಅಬ್ಬಾ ಎನ್ನುವವರು ಮುಂದಿನ ಸಾಲನ್ನೂ ಓದಬೇಕು: ಒಂದೊಂದು ಪದವಿಗೆ ತಗುಲಿದ ವೆಚ್ಚವನ್ನು ಲೆಕ್ಕ ಹಾಕಿದರೆ ಈ ದುಬಾರಿಯ ಯೋಜನೆಯೇ ಅಗ್ಗವಾಗಿ ಕಂಡಿತು. ಅರ್ಧದಲ್ಲಿ ಬಿಟ್ಟುಹೋಗುವವನ ಮೇಲೆ ಮಾಡಿದ ಖರ್ಚು ಯಾರ ಲೆಕ್ಕಪುಸ್ತಕದಲ್ಲಿಯೂ ನಷ್ಟವೆಂದು ಬರೆಯಲ್ಪಡುವುದಿಲ್ಲ. ಅದರಿಂದಲೇ ಅದು ನಮಗೆ ಕಾಣುವುದಿಲ್ಲ.

ಬಿಟ್ಟುಹೋದವನ ಲೆಕ್ಕಪುಸ್ತಕದಲ್ಲಿ ಮಾತ್ರ ಅದು ಇದ್ದೇ ಇರುತ್ತದೆ. ಬಡ ವಿದ್ಯಾರ್ಥಿಗೆ ಅಲ್ಲಿಯ ಕೇಂದ್ರಸರ್ಕಾರ ಕೊಡುವ ಪೆಲ್ ಎಂಬ ಸಹಾಯಧನವು ೨೦೧೨ರಿಂದ ಈಚೆಗೆ ಒಟ್ಟು ಹನ್ನೆರಡು ಅರ್ಧವರ್ಷಗಳಿಗೆ ಮಿತವಾಗಿದೆ. ಬೇಡದ ಮೆಟ್ಟಿಲಿನ ಮೇಲೆ ಕಳೆದ ಪ್ರತಿಯೊಂದು ಅರ್ಧವರ್ಷವೂ, ನೆರವಿಲ್ಲದೆ ನಪಾಸಾದ ಪ್ರತಿಯೊಂದು ಅರ್ಧವರ್ಷವೂ ಅವನ ಆ ಗಂಟಿನಿಂದಲೇ ಖರ್ಚಾಗುತ್ತದೆ.

ಪೂರ್ವಪಾಠಗಳನ್ನು ಕಲಿಸುತ್ತಿದ್ದ ಅನುಭವಿಗಳಾದ ಉಪಾಧ್ಯಾಯರು ಈ ಸುಧಾರಣೆಗೆ ಆಕ್ಷೇಪಣೆ ಹೇಳುವುದುಂಟು. ಅವರೆಲ್ಲರೂ ತಮ್ಮ ಕೆಲಸವನ್ನು ಉಳಿಸಿಕೊಳ್ಳುವುದಕ್ಕಾಗಿ ಹಾಗೆನ್ನುತ್ತಾರೆಂದು ಹೇಳುವುದು ಅನ್ಯಾಯ. ಭಿನ್ನರಾಶಿಯನ್ನೇ ಕಾಣದ ಐವತ್ತು ವರ್ಷದ ಕಾರ್ಮಿಕನೊಬ್ಬನು ಬಂದರೆ ಅವನನ್ನು ಎಲ್ಲಿ ಕೂರಿಸುವಿರೆಂದು ಅವರು ಕೇಳುತ್ತಾರೆ. ಪ್ರಶ್ನೆ ಸಾಧುವಾದುದು. ಕ್ಯಾಲಿಫೋರ್ನಿಯಾದಲ್ಲಿ ೨೦೨೨ರ ಇನ್ನೊಂದು ಕಾನೂನಿನ ಅನುಸಾರವಾಗಿ, ವಿಜ್ಞಾನ, ಇಂಜಿನಿಯರಿಂಗುಗಳನ್ನು ಹಿಡಿದವರನ್ನು ಬಹುಮಟ್ಟಿಗೆ ನೇರವಾಗಿ ಕಲನಶಾಸ್ತ್ರಕ್ಕೆ, ಅಂದರೆ ಕ್ಯಾಲ್ಕ್ಯುಲಸ್ಸಿಗೆ, ಸೇರಿಸಬೇಕೆಂಬ ಮಾತು ಬಂದಾಗ ಗಣಿತದ ಅಧ್ಯಾಪಕರಲ್ಲಿ ಅನೇಕರು ಬಲವಾಗಿ ವಿರೋಧಿಸಿದರು. ಸಂಖ್ಯಾಶಾಸ್ತ್ರಕ್ಕೆ ಬೀಜಗಣಿತದ ಮೂರು ಮೆಟ್ಟಿಲುಗಳು ಬೇಕಾಗಿರಲಿಲ್ಲವೆಂಬುದು ಪ್ರಯೋಗದಿಂದ ಗೊತ್ತಾಗಿದೆ. ಕಲನಶಾಸ್ತ್ರದ ಸಂಗತಿ ಅದೇ ಆಗಿರಬೇಕಾಗಿಲ್ಲ, ಏಕೆಂದರೆ ಅಲ್ಲಿ ಹಿಂದಿನ ಪಾಠವು ಮುಂದಿನದರ ಹೊಟ್ಟೆಯೊಳಗೇ ಇರುತ್ತದೆ. ಈ ವಿಷಯದಲ್ಲಿ ಕಾಲೇಜುಗಳಿಗೆ ತಮ್ಮ ವಿದ್ಯಾರ್ಥಿಗಳನ್ನು ನೋಡಿ ತೀರ್ಮಾನಿಸುವ ಸ್ವಾತಂತ್ರ್ಯ ಸ್ವಲ್ಪ ಹೆಚ್ಚಾಗಿಯೇ ಇರಬೇಕೆಂದು ನಮ್ಮ ಅಭಿಪ್ರಾಯ. ಇಳಿಸುವುದಾದರೂ ಏರಿಸುವುದಾದರೂ, ಜೊತೆಯಲ್ಲಿ ಸಹಾಯಕನಿಲ್ಲದೆ ಮಾಡಕೂಡದು.

ಆಮೇಲೆ ವೇಳೆಯ ಪ್ರಶ್ನೆ. ಟ್ಯೂಟರಿಂಗ್ ಕೊಠಡಿ ಬೆಳಿಗ್ಗೆ ಒಂಭತ್ತಕ್ಕೆ ತೆರೆದು ಸಂಜೆ ಐದಕ್ಕೆ ಮುಚ್ಚುವುದಾದರೆ ಐದೂವರೆಗೆ ಕೆಲಸದಿಂದ ಬರುವವನಿಗೆ ಅದು ಇದ್ದೂ ಇಲ್ಲದಂತೆಯೇ. ರಾತ್ರಿಯ ವಿದ್ಯಾರ್ಥಿಗೆ ಕಂಪ್ಯೂಟರಿನ ಮೂಲಕ ಹೊರಗಿನ ಕಂಪನಿಯೊಂದರ ಟ್ಯೂಟರನನ್ನು ಒದಗಿಸಿ ಕೈತೊಳೆದುಕೊಳ್ಳುವ ರೂಢಿಯು ಬೆಳೆದಿದೆ. ಈಚೆಗೆ ಯಂತ್ರಬುದ್ಧಿಯೇ ಉತ್ತರ ಹೇಳುವ ಕಾಲವೂ ಬಂದಿದೆ. ನಡುರಾತ್ರಿಯಲ್ಲಿ ಏನೂ ಇಲ್ಲದಿರುವುದಕ್ಕಿಂತ ಅದು ಮೇಲೆಂಬುದನ್ನು ಅಲ್ಲಗಳೆಯುವುದಿಲ್ಲ. ಆದರೆ ಕೇಳದವನ ಬಳಿಗೆ ಅದು ತಾನಾಗಿ ಹೋಗುವುದಿಲ್ಲ; ನೆರವು ಹೆಚ್ಚಾಗಿ ಬೇಕಾದವನು ಕೇಳದವನೇ. ತರಗತಿಯಲ್ಲಿಯೇ ಕುಳಿತ ಟ್ಯೂಟರನು ಹಿಂದಿನ ಬೆಂಚಿನ ಮುಖವನ್ನು ನೋಡಿ ಎದ್ದು ಹೋಗಬಲ್ಲನು.

ನಮ್ಮ ನಾಡಿನ ಮಾತನ್ನು ಎರಡು ಸಾಲಿನಲ್ಲಿ ಹೇಳಬಹುದು. ಕನ್ನಡದಲ್ಲಿ ಹತ್ತನೆಯ ತರಗತಿಯವರೆಗೆ ವಿಜ್ಞಾನವನ್ನು ಚೆನ್ನಾಗಿಯೇ ಕಲಿತು, ಪಿ.ಯು. ತರಗತಿಯಲ್ಲಿ ಇಂಗ್ಲಿಷಿನ ಗೋಡೆಗೆ ತಲೆ ತಾಗಿಸಿಕೊಂಡು ಕೂರುವ ಹಳ್ಳಿಯ ಹುಡುಗ ಹುಡುಗಿಯರನ್ನು ಪ್ರತಿವರ್ಷ ಜೂನ್ ತಿಂಗಳಿನಲ್ಲಿ ಯಾವ ತಾಲ್ಲೂಕು ಕೇಂದ್ರದ ಕಾಲೇಜಿನಲ್ಲಿಯೂ ನೋಡಬಹುದು. ಉಳ್ಳವರ ಮಕ್ಕಳು ಟ್ಯೂಷನ್ನಿಗೆ ಹೋಗುತ್ತಾರೆ. ಇಲ್ಲದವರು ಕಲಾವಿಭಾಗಕ್ಕೋ ಊರಿಗೋ ಹೋಗುತ್ತಾರೆ. ಅನುದಾನ ಆಯೋಗವು ಹಿಂದಿನ ಯೋಜನೆಗಳಲ್ಲಿ ಪರಿಶಿಷ್ಟರು, ಹಿಂದುಳಿದವರು, ಅಲ್ಪಸಂಖ್ಯಾತರಿಗಾಗಿ ಪರಿಹಾರಬೋಧನೆಯ ತರಗತಿಗಳಿಗೆ ಹಣ ಕೊಟ್ಟುದುಂಟು; ಅವು ಬಹುತೇಕ ಮೂಲ ತರಗತಿಯ ಹೊರಗೆ, ಹೊತ್ತಲ್ಲದ ಹೊತ್ತಿನಲ್ಲಿ ನಡೆದುವು. ಶಾಲೆಗಳ ಮಟ್ಟದಲ್ಲಿ ನೋಡಿದರೆ, ೨೦೧೯ರ ರಾಷ್ಟ್ರೀಯ ಶಿಕ್ಷಣನೀತಿಯ ಕರಡಿನಲ್ಲಿ ರಾಷ್ಟ್ರೀಯ ಟ್ಯೂಟರುಗಳ ಕಾರ್ಯಕ್ರಮವೊಂದನ್ನು ಹೇಳಿದ್ದಿತು. ೨೦೨೦ರ ಅಂತಿಮ ನೀತಿಯಲ್ಲಿ ಸಹಪಾಠಿಗಳು ಒಬ್ಬರಿಗೊಬ್ಬರು ಕಲಿಸುವುದು ಸ್ವಯಂಪ್ರೇರಿತವಾದ, ಸಂತೋಷದ ಕೆಲಸವಾಗಬಹುದೆಂದು ಬರೆದಿದೆ. ಸಂತೋಷಕ್ಕೆ ನಮ್ಮ ವಿರೋಧವಿಲ್ಲ. ಆಂಡ್ರೂ ಬೆಲ್ಲರ ಶಾಲೆಯ ನೆನಪಾಗುತ್ತದೆ, ಅಷ್ಟೆ.

ಕಾಲೇಜುಗಳ ಪ್ರಾಂಶುಪಾಲರಲ್ಲಿಯೂ ಶಿಕ್ಷಣ ಇಲಾಖೆಯ ಅಧಿಕಾರಿಗಳಲ್ಲಿಯೂ ನಮ್ಮ ಬಿನ್ನಹವು ದೊಡ್ಡದೇನಲ್ಲ. ತಮ್ಮ ಕಾಲೇಜಿನಲ್ಲಿ ಕಳೆದ ಮೂರು ವರ್ಷಗಳಿಂದ ಹೆಚ್ಚು ಮಂದಿ ಸೋತ ಒಂದು ಪಾಠ ಯಾವುದೆಂದು ದಫ್ತರಿನಿಂದ ತೆಗೆಯಿಸಲಿ. ಅದೇ ಪಾಠವನ್ನು ಹಿಂದಿನ ವರ್ಷ ಚೆನ್ನಾಗಿ ತೇರ್ಗಡೆಯಾದ, ಕನ್ನಡದಲ್ಲಿಯೂ ವಿವರಿಸಬಲ್ಲ ಇಬ್ಬರು ವಿದ್ಯಾರ್ಥಿಗಳನ್ನು ಆರಿಸಿ, ಹತ್ತು ಘಂಟೆ ತರಬೇತಿ ಕೊಟ್ಟು, ತರಗತಿಯಲ್ಲಿಯೇ ಕೂರಿಸಲಿ. ಕೊನೆಯ ಬಸ್ಸು ಹೊರಡುವುದಕ್ಕೆ ಮುಂಚೆ ಒಂದು ಘಂಟೆ ಕೊಠಡಿಯನ್ನು ತೆರೆದಿಡಲಿ. ಆ ಇಬ್ಬರ ಘಂಟೆಯ ಕೂಲಿಯನ್ನು ಆಯವ್ಯಯದ ಪಟ್ಟಿಯಲ್ಲಿ ಅದಕ್ಕೆಂದೇ ಬೇರೆ ಒಂದು ಸಾಲು ಹಾಕಿ ಬರೆಯಲಿ, ದಾನದ ಖಾತೆಯಲ್ಲಿ ಬೇಡ. ವರ್ಷ ಮುಗಿದ ಮೇಲೆ ಎಷ್ಟು ಮಂದಿ ಕುಳಿತರು, ಎಷ್ಟು ಮಂದಿ ಉಳಿದರು ಎಂಬ ಅಂಕೆಗಳನ್ನು ಕಳುಹಿಸಿಕೊಟ್ಟರೆ, ಒಳ್ಳೆಯದಿರಲಿ ಕೆಟ್ಟದ್ದಿರಲಿ, ಈ ಪುಟದಲ್ಲಿಯೇ ಅಚ್ಚುಹಾಕುತ್ತೇವೆ.